ಒಂದು ಪಾಳಿ ನಿದ್ದೆ

ಟಕ್.

ಬೆಳಗಿನ ಬಿಸಿಲು ಗೋದಾಮುಗಳ ಸೂರು ದಾಟಿ ಸಬ್‌ಮರೀನಿನ ಬೆನ್ನ ಮೇಲೆ ಬಿದ್ದ ಕೂಡಲೇ ಅದರ ಉಕ್ಕಿನ ಮೈ ಒಂದು ಸಲ ಹಾಗೆ ಸದ್ದು ಮಾಡುತ್ತಿತ್ತು, ಯಾರೋ ಬೆರಳಿನ ನೆಟಿಕೆ ಮುರಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಬಾಲದ ಕಡೆಯಿಂದ ಇನ್ನೊಂದು. ರಾತ್ರಿಯೆಲ್ಲ ತಣ್ಣಗಾಗಿ ಕುಗ್ಗಿದ ಲೋಹ ಬಿಸಿಲಿಗೆ ಹಿಗ್ಗುವ ಸದ್ದು ಅದು, ಅಷ್ಟೇ. ನೋಡಲು ಬಂದ ಮಕ್ಕಳು ಬೆಚ್ಚಿಬಿದ್ದರೆ ಅದನ್ನು ನೋಡಿಕೊಳ್ಳುವ ಜರಡಿ ನಗುತ್ತ, "ಹೆದರಬೇಡಿ, ಅಜ್ಜಿ ಮೈ ಮುರೀತಿದಾಳೆ" ಎನ್ನುತ್ತಿದ್ದ.

ಈಗ ಮಕ್ಕಳು ಬರುತ್ತಿರಲಿಲ್ಲ. ಸಬ್‌ಮರೀನಿನ ಸುತ್ತ ಹಗ್ಗ ಕಟ್ಟಿ, ಒಳಗೆ ಪ್ರವೇಶವಿಲ್ಲವೆಂದು ಬೋರ್ಡು ತೂಗುಹಾಕಿದ್ದರು. ಬಂದರಿನ ಅಂಗಳದಲ್ಲಿ ಕಾಂಕ್ರೀಟ್ ದಿಮ್ಮಿಗಳ ಮೇಲೆ ಅದು ಹೊಟ್ಟೆಯೂರಿ ಕೂತ ಕಡೆಯಲ್ಲೆಲ್ಲ ತುಕ್ಕು ತಿಂದು ಕೈ ತೂರುವಷ್ಟು ಬಾಯಿ ಬಿಟ್ಟಿತ್ತು. ರಿಪೇರಿ ಮಾಡುವುದಕ್ಕಿಂತ ಗುಜರಿಗೆ ಹಾಕುವುದೇ ವಾಸಿ ಎಂದು ಮೇಲಿನವರು ತೀರ್ಮಾನಿಸಿದ್ದರು. ಜರಡಿ ಮಾತ್ರ ಎಂದಿನಂತೆ ಬಂದು, ಹೊಟ್ಟೆಯ ಪಕ್ಕದಲ್ಲಿ ಕೊರೆದಿದ್ದ ಬಾಗಿಲು ತೆಗೆದು, ದೀಪ ಹಾಕಿ, ಒಳಗಿನ ಉದ್ದನೆಯ ಓಣಿಯನ್ನು ಗುಡಿಸುತ್ತಿದ್ದ. ಸಾಯುವವರ ಮುಖ ಒರೆಸುವುದಿಲ್ಲವೇ, ಹಾಗೆ.

ಜರಡಿ ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಸಬ್‌ಮರೀನಿನಲ್ಲಿ ಬ್ಯಾಟರಿ ನೋಡಿಕೊಳ್ಳುವವನ ಪ್ಯಾಂಟು ಎಷ್ಟೇ ಹೊಸದಿರಲಿ, ಆಸಿಡ್ ಹನಿ ಸಿಡಿದು ಸಿಡಿದು ಬಲುಬೇಗ ತೂತು ತೂತಾಗುತ್ತದೆ. ಜೊತೆಯವರು ಅದನ್ನು ನೋಡಿ ಇಟ್ಟ ಹೆಸರು ಅದು. ಕ್ಯಾಪ್ಟನ್ನಿಗೆ ಮೊದಮೊದಲು ಸಿಟ್ಟು ಬಂದಿತ್ತು. "ನೀರೊಳಗೆ ಮುಳುಗೋ ಡಬ್ಬಿಯೊಳಗೆ ಕೂತ್ಕೊಂಡು ಜರಡಿ ಜರಡಿ ಅಂತ ಕೂಗ್ತೀರಲ್ಲ, ನಿಮಗೇನಾದ್ರೂ ಬುದ್ಧಿ ಇದೆಯೇನ್ರೋ?" ಎಂದು ಗದರಿದ್ದರು. ಕೊನೆಗೆ ಒಂದು ದಿನ ಬ್ಯಾಟರಿ ಕೋಣೆಯಿಂದ ಕೆಟ್ಟ ವಾಸನೆ ಬಂದಾಗ ಗಾಬರಿಯಲ್ಲಿ ಅವರೇ "ಜರಡೀ!" ಎಂದು ಕೂಗಿದರು. ಆಮೇಲೆ ಹೆಸರು ಗಟ್ಟಿಯಾಯಿತು.

ಆ ನೌಕಾಪಡೆಯಲ್ಲಿ ಆಳದ ಸಮುದ್ರಕ್ಕೆ ಹೋಗುವ ದೊಡ್ಡ ಸಬ್‌ಮರೀನುಗಳೂ ಇದ್ದವು. ಅವುಗಳ ಫೋಟೋ ಪೇಪರಿನಲ್ಲಿ ಬರುತ್ತಿತ್ತು. ಜರಡಿ ದುಡಿದದ್ದು ಸಣ್ಣವುಗಳಲ್ಲಿ. ದೊಡ್ಡವು ತಿರುಗಲಾರದಷ್ಟು ಆಳವಿಲ್ಲದ ನೀರಿನಲ್ಲಿ, ದಡದ ಮಗ್ಗುಲಲ್ಲೇ ಓಡಾಡುವಂಥವು. ಮೊದಲ ಜೋಡಿಯನ್ನು ಬೇರೆ ದೇಶದವರು ಬಳಸಿ ಬಿಟ್ಟ ಮೇಲೆ ತಂದಿದ್ದರು. ಅವುಗಳ ಕೈಚಕ್ರ, ತಿರುಪು, ಕವಾಟಗಳ ಮೇಲೆಲ್ಲ ಯಾರಿಗೂ ಓದಲು ಬಾರದ ಅಕ್ಷರ. ಅದನ್ನೇ ನೋಡಿ ಕಲಿತು ಆಮೇಲೆ ಇಲ್ಲಿನ ಹಡಗುಕಟ್ಟೆಯಲ್ಲಿ ಇನ್ನೂ ಕೆಲವನ್ನು ಕಟ್ಟಿದರು. ನೀರಿನ ಮೇಲಿದ್ದಾಗ ಡೀಸೆಲ್ ಇಂಜಿನ್ ಓಡಿಸಿ ಬ್ಯಾಟರಿ ತುಂಬಿಸುವುದು, ಮುಳುಗಿದ ಮೇಲೆ ಇಂಜಿನ್ ನಿಲ್ಲಿಸಿ ಆ ಬ್ಯಾಟರಿಯಲ್ಲೇ ತೆವಳುವುದು. ತೀರಾ ಅಗತ್ಯಬಿದ್ದರೆ ನೀರಿನ ಕೆಳಗಿನಿಂದಲೇ ಒಂದು ಕೊಳವೆಯ ಮೂತಿ ಮೇಲೆ ಚಾಚಿ ಇಂಜಿನ್ನಿಗೆ ಗಾಳಿ ಕುಡಿಸುವುದು. ಅಲೆಯೊಂದು ಆ ಮೂತಿಯ ಮೇಲೆ ಹಾಯ್ದರೆ ಮುಚ್ಚಳ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಇಂಜಿನ್ ಬಿಡುತ್ತದೆಯೇ? ಹೊರಗಿನ ಗಾಳಿ ಸಿಗದಿದ್ದರೆ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಎಲ್ಲರ ಕಿವಿಯೂ ಒಮ್ಮೆಲೇ ಹಿಂಡಿದ ಹಾಗಾಗುತ್ತಿತ್ತು.

ಮಾಡುತ್ತಿದ್ದ ಕೆಲಸವೆಂದರೆ ಕಾಯುವುದು. ಬಂದರಿನ ಬಾಯಲ್ಲಿ ಮರಳಿನ ಮೇಲೆ ಹೊಟ್ಟೆ ಊರಿ, ಮೋಟಾರು ನಿಲ್ಲಿಸಿ, ಶತ್ರುವಿನ ಹಡಗು ಬರುತ್ತದೇನೋ ಎಂದು ಕಿವಿಗೊಟ್ಟು ಕೂರುವುದು. ಆಗ ಮಾತಿಲ್ಲ, ಕೆಮ್ಮಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಅದನ್ನು ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಾಡುತ್ತಿದ್ದರು. ಜರಡಿಯ ಯೌವನವೆಲ್ಲ ಹಾಗೆ ಬರಿಗಾಲಲ್ಲಿ ಕಳೆಯಿತು. ಶತ್ರು ಬರಲಿಲ್ಲ. ಒಂದು ಸಲ ಮೀನಿನ ಬಲೆಯೊಂದು ಬಂದು ಸಿಕ್ಕಿಹಾಕಿಕೊಂಡಿತು, ಅಷ್ಟೇ. ಬಲೆ ಕಳೆದುಕೊಂಡ ಬೆಸ್ತ ಮೇಲಿನಿಂದ ಬೈದ ಬೈಗುಳ ಕೆಳಗಿನ ಸದ್ದು ಹಿಡಿಯುವ ಯಂತ್ರಗಳಿಗೂ ಕೇಳಿಸಿರಬೇಕು ಎಂದು ಆಮೇಲೆ ನಗೆಯಾಡಿದ್ದರು.

ಜನರಿಗಿಂತ ಮಲಗುವ ಬರ್ತುಗಳು ಕಡಿಮೆ. ಇಬ್ಬರಿಗೊಂದು. ಒಬ್ಬ ಪಾಳಿಗೆ ಏಳುತ್ತಾನೆ, ಪಾಳಿ ಮುಗಿಸಿ ಬಂದವನು ಅವನ ಮೈಬಿಸಿ ಆರುವ ಮೊದಲೇ ಅದೇ ಬರ್ತಿಗೆ ಬೀಳುತ್ತಾನೆ. ಜರಡಿಯ ಪಾಲುದಾರ ಇಂಜಿನ್ ಕೋಣೆಯವನು. ಮುಖದ ಗೆರೆಗಳೊಳಗೆಲ್ಲ ಎಂದೂ ಹೋಗದ ಕಪ್ಪು ಕೂತಿದ್ದರಿಂದ ಎಲ್ಲರಿಗೂ ಅವನು ಮಸಿ. ಮಲಗಿದವನನ್ನು ಎಬ್ಬಿಸುವುದಕ್ಕೆ ಅಲ್ಲೊಂದು ಕ್ರಮವಿತ್ತು. ಕೂಗುವಂತಿಲ್ಲ, ಭುಜ ಅಲ್ಲಾಡಿಸುವಂತಿಲ್ಲ. ದಡಬಡಿಸಿ ಎದ್ದವನ ತಲೆ ಮೇಲಿನ ಪೈಪಿಗೆ ಬಡಿದರೆ ಆ ಸದ್ದು ನೀರಿನಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಕಾಲಿನ ಹೆಬ್ಬೆರಳನ್ನು ಹಿಡಿದು, ಅವನು ಕಾಲು ಎಳೆದುಕೊಳ್ಳುವವರೆಗೆ ಮೆಲ್ಲಗೆ ಹಿಸುಕುತ್ತಿರಬೇಕು. ಅದೂ ಪಾಲುದಾರನೇ ಹಿಡಿಯಬೇಕು. ಬೇರೆ ಯಾರದೇ ಕೈ ತಾಗಿದರೂ ಮಲಗಿದವನಿಗೆ ಅದು ಅಪಾಯದ ಸುದ್ದಿ. ಏಳುವವನು ಬರುವವನಿಗಾಗಿ ದಿಂಬಿನ ಕೆಳಗೆ ಅರ್ಧ ಬಿಸ್ಕತ್ತು ಇಟ್ಟು ಹೋಗುವುದು ಮಾತ್ರ ಇವರಿಬ್ಬರೇ ಮಾಡಿಕೊಂಡದ್ದು. ಹೀಗೆ ಎಷ್ಟೋ ವರ್ಷ ಹೋಯಿತು. ಕೂತು ಮಾತಾಡಿದ್ದು ಕಡಿಮೆ. ಒಬ್ಬ ಎಚ್ಚರವಿದ್ದಾಗ ಇನ್ನೊಬ್ಬ ನಿದ್ದೆಯಲ್ಲಿ.

"ನನ್ನ ಜೊತೆಗಿಂತ ಹೆಚ್ಚು ವರ್ಷ ಆ ಮಸಿ ಜೊತೆಗೇ ಒಂದೇ ಹಾಸಿಗೇಲಿ ಮಲಗಿದೀರಿ" ಎಂದು ಜರಡಿಯ ಹೆಂಡತಿ ಚುಚ್ಚುತ್ತಿದ್ದಳು.

"ಒಟ್ಟಿಗೆ ಒಂದು ದಿನಾನೂ ಮಲಗಿಲ್ಲ ಕಣೇ."

"ನನ್ನ ಜೊತೆ ಮಾತ್ರ ಏನು ಮಲಗಿದ್ರಿ? ಫ್ಯಾನ್ ನಿಂತ್ರೆ ಎದ್ದು ಓಡ್ತೀರಿ."

ಅದು ನಿಜ. ಸಬ್‌ಮರೀನಿನಲ್ಲಿ ಗಾಳಿಯಾಡಿಸುವ ಫ್ಯಾನಿನ ಗುಂಯ್ ನಿಂತರೆ ಏನೋ ಕೆಟ್ಟಿದೆಯೆಂದು ಅರ್ಥ. ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಅವನು ಹಾರಿ ಕೂರುತ್ತಿದ್ದ, ಬಾಗಿಲುಗಳನ್ನೆಲ್ಲ ಮುಚ್ಚಲು ಓಡುತ್ತಿದ್ದ.

ಸಬ್‌ಮರೀನುಗಳಿಗೆ ವಯಸ್ಸಾಗಿದ್ದು ಮೊದಲು ಬ್ಯಾಟರಿಯಲ್ಲಿ ಕಂಡಿತು. ಎಷ್ಟು ತುಂಬಿಸಿದರೂ ನಿಲ್ಲದು. ಹೊಸ ಬ್ಯಾಟರಿ ಬರುತ್ತದೆ ಎಂದರು, ಬರಲಿಲ್ಲ. ತೀರದ ನೀರನ್ನು ಈಗ ವಿಮಾನಗಳೇ ನೋಡಿಕೊಳ್ಳುತ್ತವಂತೆ, ಇವು ಇನ್ನು ಬೇಡವಂತೆ ಎಂಬ ಮಾತು ಬಂತು. ಒಂದನ್ನು ಗುರಿ ಅಭ್ಯಾಸಕ್ಕೆ ಇಟ್ಟು ತಾವೇ ಹೊಡೆದು ಮುಳುಗಿಸಿದರು. ಉಳಿದವು ಗುಜರಿಗೆ ಹೋದವು. ಕೊನೆಯದು, ಜರಡಿ ಮತ್ತು ಮಸಿ ಒಂದೇ ಬರ್ತಿನಲ್ಲಿ ಬಾಳಿದ್ದು, ಜನ ನೋಡಲೆಂದು ಬಂದರಿನ ಅಂಗಳಕ್ಕೆ ಬಂದು ಕೂತಿತು. ನಿವೃತ್ತನಾದ ಜರಡಿಗೆ ಅದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮಸಿಗೆ ಏನೂ ಸಿಗಲಿಲ್ಲ, ನಿದ್ದೆಯೂ ಸಹ.

ಕೆಲಸ ಬಿಟ್ಟ ದಿನದಿಂದ ಮಸಿಯ ನಿದ್ದೆ ಹಾಳಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದ. ಅಗಲವಾದ ಹಾಸಿಗೆ, ಮೆತ್ತನೆಯ ದಿಂಬು, ಕಿಟಕಿ, ಗಾಳಿ ಎಲ್ಲವೂ ಇದ್ದವು. ಈಗ ಹೊಟ್ಟೆಯೊಳಗೆ ಗಡ್ಡೆ ಬೆಳೆದು, ಡಾಕ್ಟರು ಕೈಚೆಲ್ಲಿ, ನೋವಿನ ಗುಳಿಗೆ ನುಂಗಿದರೂ ಕಣ್ಣು ಮುಚ್ಚದೆ ಸೂರು ನೋಡುತ್ತ ಬಿದ್ದಿದ್ದ.

"ನನ್ನ ಬ್ಯಾಟರಿ ಚಾರ್ಜು ಹಿಡೀತಿಲ್ಲ ಕಣೋ ಜರಡಿ" ಎಂದ, ಸಬ್‌ಮರೀನು ಒಡೆಯುತ್ತಾರೆಂಬ ಸುದ್ದಿ ಹೇಳಲು ಜರಡಿ ಹೋದ ದಿನ. ಜರಡಿ ಸುದ್ದಿ ಹೇಳಿದ. ಮಸಿ ಕೇಳಿದ: "ನಮ್ಮ ಬರ್ತು ಇನ್ನೂ ಇದೆಯಾ?"

"ಇದೆ."

"ಒಡೆಯೋ ಮೊದಲು ಅದರಲ್ಲಿ ಒಂದು ಪಾಳಿ ನಿದ್ದೆ ಮಾಡಿಸಿಬಿಡೋ. ಒಂದೇ ಪಾಳಿ. ಆಮೇಲೆ ಏನಾದ್ರೂ ಆಗ್ಲಿ."

ಬಾಗಿಲಲ್ಲಿ ನಿಂತಿದ್ದ ಮಗಳು ಮುಖ ತಿರುಗಿಸಿಕೊಂಡಳು. ಜರಡಿಯನ್ನು ಬೀದಿಯವರೆಗೆ ಕಳಿಸಿಕೊಡಲು ಬಂದವಳು, "ಚಿಕ್ಕಪ್ಪ, ಇದೊಂದು ಮಾಡ್ಸಿ. ಇಷ್ಟು ದಿನದಲ್ಲಿ ಅಪ್ಪ ಏನೂ ಕೇಳಿಲ್ಲ" ಎಂದಳು.

ಬಂದರಿನ ಮ್ಯಾನೇಜರ್ ಕೆಟ್ಟವನೇನಲ್ಲ. ಗಡಿಬಿಡಿಯ ಮನುಷ್ಯ. ಜರಡಿ ಕೈಮುಗಿದು ನಿಂತಾಗ ಮೊದಲು, "ಕಾಯಿಲೆಯವರನ್ನ ಅದರೊಳಗೆ ಕರ್ಕೊಂಡು ಬರ್ತೀರಾ? ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನ ತಲೆಗೆ ಬರುತ್ತೆ" ಎಂದ. ಆಮೇಲೆ ಕಿಟಕಿಯಾಚೆ ನೋಡಿ, "ನಾಳೆ ಸಂಜೆ ಬೀಗದ ಕೈ ಕಂಟ್ರಾಕ್ಟರ್‌ಗೆ ಕೊಡಬೇಕು. ಮಧ್ಯಾಹ್ನ ಬನ್ನಿ. ಅಷ್ಟರೊಳಗೆ ಮುಗಿಸ್ಕೊಳ್ಳಿ. ನಾನು ನೋಡಿಲ್ಲ" ಎಂದ.

ಆ ರಾತ್ರಿಯೂ ಜರಡಿಗೆ ನಿದ್ದೆಯಿಲ್ಲ. ಸುದ್ದಿ ಬಂದಾಗಿನಿಂದಲೇ ಇರಲಿಲ್ಲ. ಬೆಳಿಗ್ಗೆ ಹೋಗಿ ಕೆಟ್ಟು ಕೂತಿದ್ದ ಹಳೆಯ ಫ್ಯಾನನ್ನು ಬಿಚ್ಚಿ, ಎಣ್ಣೆ ಹಾಕಿ, ತಂತಿ ಜೋಡಿಸಿ ಓಡುವಂತೆ ಮಾಡಿದ. ಗುಂಯ್ ಎಂದಿತು. ಡೀಸೆಲ್ಲಿನಲ್ಲಿ ಅದ್ದಿದ ಚಿಂದಿಯೊಂದನ್ನು ಬರ್ತಿನ ಬಳಿ ಸಿಕ್ಕಿಸಿದ. ವಾಸನೆಯಿಲ್ಲದೆ ಮಸಿಗೆ ನಿದ್ದೆ ಬರುವುದುಂಟೇ? ಅಂಗಡಿಯಲ್ಲಿ ಆ ಕಾಲದ ಬಿಸ್ಕತ್ತನ್ನೇ ಹುಡುಕಿ ತಂದು ಜೇಬಿಗೆ ಹಾಕಿಕೊಂಡ. ಹೊರಡುವಾಗ ಹೆಂಡತಿ, "ಮದುವೆಗೆ ಕೂಡ ಇಷ್ಟು ಸಡಗರ ಮಾಡಿರಲಿಲ್ಲ ನೀವು" ಎಂದು ನಕ್ಕಿದ್ದಳು.

ಮಧ್ಯಾಹ್ನ ಮಸಿ ಗಾಲಿಕುರ್ಚಿಯಲ್ಲಿ ಬಂದ. ಪ್ರವಾಸಿಗರಿಗೆಂದು ಕೊರೆದ ಬಾಗಿಲಿನಿಂದ ಮಗಳೂ ಜರಡಿಯೂ ಸೇರಿ ಒಳಗೆ ತಂದರು. ಮಸಿ ಉಸಿರು ಎಳೆದುಕೊಂಡು ಮೂಗರಳಿಸಿದ. "ಚಿಂದಿ ಇಟ್ಟಿದೀಯೇನೋ ಕಳ್ಳ" ಎಂದ. ಆಮೇಲೆ ಬರ್ತಿನತ್ತ ನೋಡಿ ಕಣ್ಣರಳಿಸಿದ.

ನೋಡಲು ಬರುವವರಿಗಾಗಿ ಅಲ್ಲಿ ಬಟ್ಟೆಯಂಗಡಿಯ ಗೊಂಬೆಯೊಂದಕ್ಕೆ ನಾವಿಕನ ಅಂಗಿ ತೊಡಿಸಿ ಮಲಗಿಸಿದ್ದರು. ಕೆಂಪು ತುಟಿ, ಬಣ್ಣ ಎದ್ದ ಮೂಗು.

"ಇವನ್ಯಾರೋ ಮೂರನೆಯವನು? ನಾನಿಲ್ಲದಾಗ ಇವನ ಜೊತೆ ಪಾಲು ಮಾಡ್ಕೊಂಡಿದೀಯಾ?"

"ನಿನಗಿಂತ ವಾಸಿ ಬಿಡು. ಮೈ ನಾರಲ್ಲ."

ಮಸಿ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನೋವಾಯಿತು. ಮಗಳು ಬೆನ್ನು ಸವರಿದಳು. ಜರಡಿ ಗೊಂಬೆಯನ್ನೆತ್ತಿ ಎದುರಿನ ಗೋಡೆಗೆ ಆನಿಸಿ ನಿಲ್ಲಿಸಿದ. ಮಸಿ ಕುರ್ಚಿಯಿಂದಲೇ ಕೈ ಚಾಚಿ ಹಾಸಿಗೆ ಮುಟ್ಟಿದವನು ಕೈ ಹಿಂದೆಗೆದುಕೊಂಡ.

"ತಣ್ಣಗಿದೆಯಲ್ಲೋ."

ಜರಡಿ ಅದೊಂದನ್ನು ಯೋಚಿಸಿರಲಿಲ್ಲ. ಫ್ಯಾನು, ವಾಸನೆ, ಬಿಸ್ಕತ್ತು ಎಲ್ಲವನ್ನೂ ಯೋಚಿಸಿದ್ದ. ಆ ಬರ್ತು ಅವರಿಬ್ಬರಲ್ಲಿ ಯಾರಿಗೂ ಎಂದೂ ತಣ್ಣಗೆ ಸಿಕ್ಕಿರಲಿಲ್ಲ.

"ನೀನು ಸ್ವಲ್ಪ ಹೊತ್ತು ಮಲಗಿ ಬಿಸಿ ಮಾಡ್ಕೊಡು. ಆಮೇಲೆ ನಾನು" ಎಂದ ಮಸಿ.

"ಕಂಬಳಿ ತಂದಿದೀನಿ ಅಪ್ಪ" ಎಂದಳು ಮಗಳು.

"ಕಂಬಳಿ ಬಿಸಿ ಬೇರೆ, ಇದು ಬೇರೆ ಕಣಮ್ಮ. ನಿನಗೆ ಗೊತ್ತಾಗಲ್ಲ."

ಜರಡಿ ಚಪ್ಪಲಿ ಕಳಚಿ ಬರ್ತಿಗೆ ಸರಿದ. ತಲೆಯ ಮೇಲೆ ಗೇಣು ದೂರದಲ್ಲಿ ಅದೇ ಪೈಪು. ಮಗ್ಗುಲಾಗಿ ಮೊಣಕಾಲು ಮಡಚಿದರೆ ಮೈ ತಾನೇ ಹಾಸಿಗೆಯ ಹಳೆಯ ಗುಂಡಿಯನ್ನು ಹುಡುಕಿಕೊಂಡಿತು. ಫ್ಯಾನು ಗುಂಯ್ಗುಡುತ್ತಿತ್ತು. ಕಾಲ ಬಳಿ ಮಸಿ ಎಚ್ಚರವಾಗಿ ಕೂತಿದ್ದ. ಮಸಿ ಎಚ್ಚರವಿದ್ದಾನೆ ಅಂದರೆ ಇಂಜಿನ್ನಿನ ಹತ್ತಿರ ಜನ ಇದ್ದಾರೆ, ಹೆದರಬೇಕಾದ್ದಿಲ್ಲ. ಹಾಸಿಗೆ ಬೆಚ್ಚಗಾದ ಕೂಡಲೇ ಎದ್ದುಬಿಡಬೇಕು, ಬಿಸ್ಕತ್ತನ್ನು ದಿಂಬಿನ ಕೆಳಗೆ ಇಡಬೇಕು ಎಂದುಕೊಂಡ. ಅದೇ ಕೊನೆಯ ಯೋಚನೆ.

ಎಚ್ಚರವಾದದ್ದು ಯಾರೋ ಹೊರಗಿನಿಂದ ಉಕ್ಕಿನ ಮೇಲೆ ಸುತ್ತಿಗೆಯಲ್ಲಿ ಬಡಿದಾಗ. ಹಾರಿ ಎದ್ದ, ಹಣೆ ಪೈಪಿಗೆ ಬಡಿಯಿತು. ಬಾಗಿಲಿನಿಂದ ಬರುತ್ತಿದ್ದ ಬೆಳಕು ಕೆಂಪಾಗಿತ್ತು. ಕಂಟ್ರಾಕ್ಟರ್‌ನ ಜನ ತಗಡಿನ ದಪ್ಪ ನೋಡುತ್ತ ಮಾತಾಡುತ್ತಿದ್ದರು. ಗಾಲಿಕುರ್ಚಿ ಇರಲಿಲ್ಲ. ಮಗಳು ಇರಲಿಲ್ಲ. ಗೋಡೆಗೆ ಆನಿಸಿದ್ದ ಗೊಂಬೆ ಮಾತ್ರ ಕೆಂಪು ತುಟಿಯಲ್ಲಿ ನಗುತ್ತಿತ್ತು. ಮೈಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಜೇಬಿನ ಬಿಸ್ಕತ್ತು ಅವನದೇ ಭಾರಕ್ಕೆ ಪುಡಿಯಾಗಿತ್ತು.

ಎಷ್ಟೋ ವರ್ಷಗಳಲ್ಲಿ ಅವನು ಅಂಥ ನಿದ್ದೆ ಮಾಡಿರಲಿಲ್ಲ.

ಮಸಿಯ ಮನೆಗೆ ಓಡುನಡಿಗೆಯಲ್ಲಿ ಹೋದ. ಮಗಳು ಬಾಗಿಲಲ್ಲೇ ಸಿಕ್ಕಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ನೀವು ಮಲಗಿದ ಸ್ವಲ್ಪ ಹೊತ್ತಿಗೇ ಗೊರಕೆ ಶುರು ಮಾಡಿದ್ರಿ ಚಿಕ್ಕಪ್ಪ. ನಾನು ಎಬ್ಬಿಸೋಕೆ ಬಂದೆ. ಅಪ್ಪ ಕೈ ಹಿಡಿದು ನಿಲ್ಲಿಸಿಬಿಟ್ರು. ಬೇರೆಯವರು ಮುಟ್ಟಬಾರದು, ಹೆದರ್ತಾನೆ ಅಂದ್ರು."

"ಅವನಾದ್ರೂ ಎಬ್ಬಿಸಬೇಕಿತ್ತಲ್ಲಮ್ಮ."

"ಎರಡು ಸಲ ನಿಮ್ಮ ಕಾಲಿನ ಹೆಬ್ಬೆರಳಿನ ತನಕ ಕೈ ತಗೊಂಡು ಹೋದ್ರು. ಎರಡು ಸಲಾನೂ ವಾಪಸ್ ತಗೊಂಡ್ರು. ಪಾಪ, ಪಾಳಿ ಮುಗಿಸ್ಲಿ ಅಂದ್ರು. ಆಮೇಲೆ ನೋವು ಜಾಸ್ತಿ ಆಯ್ತು. ಕೂರೋಕೇ ಆಗಲಿಲ್ಲ. ಇನ್ನೇನು ಮಾಡ್ಲಿ ನಾನು, ಕರ್ಕೊಂಡು ಬಂದೆ." ಬೇಡವೆಂದುಕೊಂಡರೂ ತಡೆಯಲಾಗದೆ ಹೇಳಿದಳು: "ನೀವು ಮಲಗಬಾರದಾಗಿತ್ತು ಚಿಕ್ಕಪ್ಪ."

ಜರಡಿ ತಲೆಯಾಡಿಸಿದ.

ಒಳಗೆ ಮಸಿ ಸೂರು ನೋಡುತ್ತಿದ್ದ. ಜರಡಿ ಮಂಚದ ಅಂಚಿಗೆ ಕೂತ.

"ಯಾಕೋ ಎಬ್ಬಿಸಲಿಲ್ಲ?"

ಮಸಿಯ ತುಟಿ ಅಲುಗಿತು. "ನೀನು ಗೊರಕೆ ಹೊಡೀತೀಯ ಅಂತ ಗೊತ್ತೇ ಇರಲಿಲ್ಲ ಕಣೋ. ಇಷ್ಟು ವರ್ಷ... ಬರೋದು, ಎಬ್ಬಿಸೋದು, ಮಲಗೋದು. ಕೂತು ಕೇಳೇ ಇರಲಿಲ್ಲ. ನಮ್ಮ ಹಳೇ ಇಂಜಿನ್ ಥರಾನೇ ಇದೆ. ನಡುನಡುವೆ ತಪ್ಪುತ್ತೆ."

"ನಾಳೆ ಹೋಗೋಣ. ಮ್ಯಾನೇಜರ್ ಕಾಲು ಹಿಡೀತೀನಿ."

"ನಾಳೆ ಅದು ಇರುತ್ತೇನೋ?"

ಜರಡಿ ಜೇಬಿಗೆ ಕೈ ಹಾಕಿ ಬಿಸ್ಕತ್ತಿನ ಪುಡಿಯನ್ನು ಕಾಗದದೊಂದಿಗೇ ತೆಗೆದು ಮಸಿಯ ದಿಂಬಿನ ಕೆಳಗೆ ಸೇರಿಸಿದ. ಮಸಿಗೆ ಆಗ ನೀರು ಕೂಡ ಇಳಿಯುತ್ತಿರಲಿಲ್ಲ. ಕೈಯಿಟ್ಟು ಮುಟ್ಟಿ ನೋಡಿದ, ಅಷ್ಟೇ. ಜರಡಿ ಅವನ ಪಕ್ಕದಲ್ಲೇ ಮೈಚಾಚಿ ಹಾಸಿಗೆಯನ್ನು ಬಿಸಿ ಮಾಡಲು ನೋಡಿದ. ಹಾಸಿಗೆ ಅಗಲವಾಗಿತ್ತು. ಬಿಸಿ ಎಲ್ಲೆಲ್ಲೋ ಹರಡಿ ಹೋಯಿತು. ಮಸಿಯ ಕಣ್ಣು ಮುಚ್ಚಲೇ ಇಲ್ಲ. ಆ ವಾರ ಮುಗಿಯುವುದರೊಳಗೆ ಅವನ ಪ್ರಾಣ ಹೋದಾಗಲೂ ಮುಚ್ಚಿರಲಿಲ್ಲ. ಮಗಳು ಕೈಯಿಂದ ಮುಚ್ಚಬೇಕಾಯಿತು.

ಸಬ್‌ಮರೀನನ್ನು ಕತ್ತರಿಸುವುದು ಇನ್ನೂ ಮುಗಿದಿರಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ಜರಡಿಯನ್ನು ಮ್ಯಾನೇಜರ್ ಬರಹೇಳಿದ. ಅಂಗಳದಲ್ಲಿ ಅದು ಈಗ ಮೂತಿಯಿಲ್ಲದ, ಬಾಲವಿಲ್ಲದ ಒಂದು ಉಕ್ಕಿನ ಬಳೆಯಾಗಿತ್ತು. ಒಳಗಿನ ಪೈಪುಗಳು ಕರುಳಿನಂತೆ ಹೊರಗೆ ನೇತಾಡುತ್ತಿದ್ದವು. ಮಧ್ಯಾಹ್ನದ ಬಿಡುವು, ಗ್ಯಾಸಿನ ಬೆಂಕಿ ನಿಂತಿತ್ತು.

"ನಿಮ್ಮ ಸ್ನೇಹಿತರ ವಿಷಯ ಗೊತ್ತಾಯ್ತು. ಆವತ್ತು ಬಂದು ಹೋದ್ರಲ್ಲ, ಒಳ್ಳೇದಾಯ್ತು ಬಿಡಿ. ಅವರ ಆಸೆ ಒಂದು ತೀರ್ತು" ಎಂದ ಮ್ಯಾನೇಜರ್, ಮೆಲುದನಿಯಲ್ಲಿ.

ಜರಡಿ ಪೈಪು ಬಡಿದಿದ್ದ ಹಣೆ ಸವರಿಕೊಂಡ.

"ನೋಡಿ, ನಿಮಗೆ ಕೆಲಸ ಹೋಗಲ್ಲ. ಹೊಸ ಕಟ್ಟಡದಲ್ಲಿ ಗಾಜಿನ ಪೆಟ್ಟಿಗೇಲಿ ಇದರದ್ದೇ ಒಂದು ಮಾಡೆಲ್ ಇಡ್ತೀವಿ. ಪಕ್ಕದಲ್ಲಿ ಈ ಸಣ್ಣ ಸಬ್‌ಮರೀನುಗಳ ಇತಿಹಾಸ ಬರೆದು ಒಂದು ಬೋರ್ಡು. ಎಲ್ಲಿಂದ ಬಂದ್ವು, ಯಾರು ಕಟ್ಟಿದ್ರು, ಅದೆಲ್ಲ ಆಫೀಸಲ್ಲಿ ಸಿಕ್ತು. ಅವು ಏನು ಮಾಡಿದ್ವು ಅನ್ನೋದೇ ಸಿಕ್ತಿಲ್ಲ. ನೀವು ಇದ್ದವರು. ಏನು ಮಾಡಿದ್ವು?"

"ಕಾದ್ವು ಸಾರ್."

"ಅದಲ್ಲ, ಆಮೇಲೆ?"

ಜರಡಿಯ ಕಣ್ಣು ಅಷ್ಟರಲ್ಲಿ ಗುಜರಿ ರಾಶಿಯ ಕಡೆ ಹೋಗಿತ್ತು. ಅದರ ನೆರಳಿನಲ್ಲಿ ಯಾರೋ ಬರ್ತಿನ ಹಾಸಿಗೆಯನ್ನು ಎಳೆದು ಹಾಕಿಕೊಂಡಿದ್ದರು. ಗ್ಯಾಸ್ ಕಟ್ಟರ್ ಹಿಡಿಯುವ ಕೆಲಸಗಾರನೊಬ್ಬ ಅದರ ಮೇಲೆ ಮಗ್ಗುಲಾಗಿ, ಮೊಣಕಾಲು ಮಡಚಿ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಮುಖದ ಮೇಲೆ ಮಸಿ. ಬರಿಪಾದಗಳು ನೆರಳು ದಾಟಿ ಬಿಸಿಲಿಗೆ ಬಂದಿದ್ದವು.

"ಬರೀ ಕಾದ್ವು ಅಂತ ಬರೆದ್ರೆ ಓದೋರು ನಗಲ್ವಾ?" ಮ್ಯಾನೇಜರ್ ಪೆನ್ನು ತೆಗೆಯುತ್ತಿದ್ದ. "ತೀರವನ್ನ ಕಾಪಾಡಿದ್ವು ಅಂತ ಹಾಕೋಣ್ವಾ? ಯಾರಿಂದ ಅಂತ ಯಾರಾದ್ರೂ ಕೇಳಿದ್ರೆ ಮಾತ್ರ... ಅದನ್ನ ನೀವೇ ಹೇಳ್ಬೇಕು. ಒಂದು ಸಾಲು ಸಾಕು..."

ಜರಡಿ ಆಗಲೇ ಹೊರಟಿದ್ದ. ಗೇಟಿಗೆ ಇದ್ದದ್ದು ಗುಜರಿ ರಾಶಿಯ ಪಕ್ಕದ ದಾರಿಯೊಂದೇ. ಮಲಗಿದವನ ಹತ್ತಿರ ಬಂದಾಗ ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ, ಸದ್ದಾಗದ ಹಾಗೆ ಆ ಪಾದಗಳಿಗೆ ತಾಗದೆ ಸುತ್ತಿ ನಡೆದ.

"ಯಜಮಾನ್ರೇ, ಎಲ್ಲಿಗೆ ಹೊರಟ್ರಿ? ಒಂದು ಸಾಲು..." ಎನ್ನುತ್ತಿದ್ದ ಮ್ಯಾನೇಜರ್.